ರೈಲಿನಲ್ಲಿ ಬೈಬಲ್ ತೆರೆದರೆ ತಪ್ಪೇ?

ಹಾಸನದ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರ: ರೈಲಿನಲ್ಲಿ ಬೈಬಲ್ ಓದುತ್ತಿದ್ದಾಗ ಎದುರು ಕುಳಿತ ಯುವಕ ‘ಇದರಲ್ಲಿ ಏನಿದೆ ಸಾರ್?’ ಎಂದು ಕೇಳಿದ. ಯೇಸುವಿನ ಪರ್ವತ ಪ್ರಸಂಗದ ನಾಲ್ಕು ಮಾತು ಹೇಳುವಷ್ಟರಲ್ಲಿ ಪಕ್ಕದ ಸಾಲಿನವರೊಬ್ಬರು ಎದ್ದು ಬಂದು ‘ತಲೆಗೆ ಎಷ್ಟು ಕೊಡುತ್ತಾರೆ?’ ಎಂದು ಅಬ್ಬರಿಸಿದರು. ಇನ್ನೊಬ್ಬರು ಮೊಬೈಲ್ ಹಿಡಿದು ವಿಡಿಯೊ ಮಾಡಿಕೊಂಡರು. ನಂಬಿಕೆಯನ್ನು ಇನ್ನು ಮನೆಯೊಳಗೇ ಇಟ್ಟುಕೊಳ್ಳಬೇಕೇ?

ಮೇಷ್ಟ್ರೇ,

ಬೇಕಾಗಿಲ್ಲ. ಮನೆಯೊಳಗಿಟ್ಟುಕೊಂಡರೆ ಕಾಟ ತಪ್ಪುತ್ತದೆ ಎಂಬುದೂ ಭ್ರಮೆ. 2008ರ ಸೆಪ್ಟೆಂಬರ್‌ನಲ್ಲಿ ಕರಾವಳಿಯ ಚರ್ಚುಗಳ ಮೇಲೆ ದಾಳಿ ನಡೆದಾಗ ಮುಂದಿಟ್ಟಿದ್ದು ಮತಾಂತರದ ಆರೋಪವನ್ನೇ. ಆದರೆ ಮಂಗಳೂರಿನಲ್ಲಿ ಪೆಟ್ಟು ತಿಂದವುಗಳಲ್ಲಿ ಕ್ಲೇರ್ ಸನ್ಯಾಸಿನಿಯರ ಆರಾಧನಾ ಮಠವೂ ಇತ್ತು. ಗೋಡೆಯೊಳಗೇ ಇದ್ದು ಪ್ರಾರ್ಥನೆಯಲ್ಲಿ ದಿನ ಕಳೆಯುವ ಆ ತಾಯಂದಿರು ಯಾವ ರೈಲಿನಲ್ಲಿ ಯಾರಿಗೆ ಉಪದೇಶ ಮಾಡಿದ್ದರು?

ನೀವು ಕೇಳಿದ ಪ್ರಶ್ನೆ 1948ರ ಡಿಸೆಂಬರ್‌ನಲ್ಲೇ ಸಂವಿಧಾನ ಸಭೆಯ ಮುಂದೆ ಬಂದಿತ್ತು. ಧರ್ಮಾಚರಣೆ ಖಾಸಗಿಯಾಗಿರಲಿ ಎಂದು ತಜಮ್ಮುಲ್ ಹುಸೇನ್ ತಿದ್ದುಪಡಿ ತಂದರು. ಧರ್ಮ ‘ಪ್ರಸಾರ’ದ ಹಕ್ಕು ಬೇಡವೆಂದು ಲೋಕನಾಥ ಮಿಶ್ರ ವಾದಿಸಿದರು. ಕ್ರೈಸ್ತ ಸಂಸ್ಥೆಗಳಲ್ಲಿ ಸುಮಾರು 14 ವರ್ಷ ಓದಿದರೂ ತಮ್ಮನ್ನು ಮತಾಂತರಿಸುವ ಯತ್ನ ನಡೆಯಲಿಲ್ಲ ಎಂದು ಟಿ.ಟಿ. ಕೃಷ್ಣಮಾಚಾರಿ ಹೇಳಿದರು. ಪ್ರಸಾರದ ಹಕ್ಕು 25ನೇ ವಿಧಿಯಲ್ಲಿ ಉಳಿಯಿತು.

1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕಿಗೆ ಎಲ್ಲೆ ಹಾಕಿತು: ತನ್ನ ಧರ್ಮದ ತತ್ವ ವಿವರಿಸಬಹುದು, ಇನ್ನೊಬ್ಬರನ್ನು ಮತಾಂತರಿಸುವುದು ಮೂಲಭೂತ ಹಕ್ಕಲ್ಲ. ಅನೇಕ ಕ್ರೈಸ್ತರಿಗೆ ಈ ತೀರ್ಪು ಇಂದಿಗೂ ಕಹಿ. ಆದರೂ ಅದರ ಮೊದಲರ್ಧ ನಿಮ್ಮ ಪರ. ಇನ್ನೂ ಹತ್ತಿರದ್ದು ಬೇಕೆಂದರೆ, ಜಮಖಂಡಿಯ ದೇವಸ್ಥಾನವೊಂದರ ಬಳಿ ಇಸ್ಲಾಂ ಕುರಿತ ಕರಪತ್ರ ಹಂಚಿದವರ ಮೇಲಿನ ಪ್ರಕರಣವನ್ನು ನಮ್ಮ ಹೈಕೋರ್ಟ್ 2025ರಲ್ಲಿ ರದ್ದುಪಡಿಸಿತು. ಮತಾಂತರಕ್ಕೆ ಆಧಾರವಿರಲಿಲ್ಲ. ರಾಜ್ಯದ 2022ರ ಮತಾಂತರ ನಿಷೇಧ ಕಾಯ್ದೆಯಂತೆ ದೂರು ಕೊಡಬೇಕಾದವರು ಮತಾಂತರಗೊಂಡವರು, ಹೆತ್ತವರು, ಒಡಹುಟ್ಟಿದವರು, ಬಂಧುಗಳು, ಸಹೋದ್ಯೋಗಿಗಳಂಥವರು. ದೂರುದಾರರು ಇವರಲ್ಲಿ ಯಾರೂ ಆಗಿರಲಿಲ್ಲ. ನಿಮ್ಮ ಮೇಲೆ ಅಬ್ಬರಿಸಿದವರೂ ಆ ಯುವಕನ ಅಣ್ಣನಲ್ಲ, ಮಾವನಲ್ಲ!

ಪತ್ರದ ಕೊನೆಯ ಪುಟಕ್ಕೆ ಮಾತ್ರ ನನ್ನ ತಕರಾರಿದೆ. 1843ರಲ್ಲಿ ಮಿಷನರಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದದ್ದು, ಮಿಷನರಿ ಕಿಟೆಲ್‌ರ 1894ರ ಕನ್ನಡ ನಿಘಂಟು, ಮಿಷನ್ ಶಾಲೆ, ಆಸ್ಪತ್ರೆ ಎಲ್ಲವನ್ನೂ ಪಟ್ಟಿ ಮಾಡಿದ್ದೀರಿ. ಕಿಟೆಲ್ ನಿಘಂಟು ತೆರೆಯದೆ ಈ ಪತ್ರಿಕೆಯ ಕೆಲಸ ಸಾಗುವುದಿಲ್ಲ, ನಿಜ. ಹಾಗೆಂದು ರೈಲಿನಲ್ಲಿ ನಾಲ್ಕು ಮಾತಾಡಲು ನೀವೇಕೆ ಅದರ ರಸೀದಿ ತೋರಿಸಬೇಕು? ಕಿಟೆಲ್ ಈ ನಾಡಿಗೆ ಬಾರದೇ ಇದ್ದಿದ್ದರೂ ನಿಮ್ಮ ಹಕ್ಕು ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ.

ಧ್ವನಿವರ್ಧಕ ಹಿಡಿದು ಪರರ ದೇವರನ್ನು ಸೈತಾನ ಎನ್ನುವವರು, ಹಾಸಿಗೆ ಹಿಡಿದ ರೋಗಿಗೆ ‘ನಂಬಿದರೆ ಗುಣ’ ಎನ್ನುವವರು ಇದ್ದಾರೆ. ಅವರ ಪರ ನಾನು ವಾದಿಸಲಾರೆ. ನಿಮ್ಮನ್ನು ಅವರ ಲೆಕ್ಕಕ್ಕೆ ಸೇರಿಸಿದ್ದು ಅನ್ಯಾಯ. ಕೇಳಿದ್ದಕ್ಕೆ ಹೇಳಿದಿರಿ, ಅಷ್ಟೆ.

ಬೋಗಿಯ ಉಳಿದವರು ಕಡಲೆಕಾಯಿ ಬಿಡಿಸುತ್ತಾ ಕಿಟಕಿಯತ್ತ ಮುಖ ತಿರುಗಿಸಿದರು ಎಂದಿದ್ದೀರಿ. ಓದಿ ಸಿಟ್ಟು ಬಂತು. ‘ಹುಡುಗ ಕೇಳಿದ, ಅವರು ಹೇಳಿದರು, ನಿಮಗೇನು ತೊಂದರೆ?’ ಎನ್ನಲು ಒಬ್ಬರಿಗೂ ಬಾಯಿ ಬರಲಿಲ್ಲವೇ?

ಇನ್ನೊಮ್ಮೆ ಹೀಗಾದರೆ ವಾದಕ್ಕೆ ಇಳಿಯಬೇಡಿ. ರೈಲ್ವೆಯ 139ಕ್ಕೆ ಕರೆ ಮಾಡಿ ಬೋಗಿ, ಆಸನದ ಸಂಖ್ಯೆ ತಿಳಿಸಿ. ಆ ವಿಡಿಯೊ ಎಲ್ಲಾದರೂ ಹರಿದಾಡಿದ್ದು ಕಂಡರೆ ಪ್ರತಿಯನ್ನು ತೆಗೆದಿಟ್ಟುಕೊಂಡು ವಕೀಲರನ್ನು ನೋಡಿ. ನೀವು ಕೋರಿದಂತೆ ಹೆಸರು ಪ್ರಕಟಿಸಿಲ್ಲ.

– ಸಂಪಾದಕ