ಸೌದೆ ತರಲು ಜಾಕ್ ಟ್ರೈಲರ್ ಕೊಳ್ಳಬೇಕಾ?

ಓದುಗರ ಪ್ರಶ್ನೆ, ನಮ್ಮ ಉತ್ತರ: ತೋಟದ ಯಂತ್ರಗಳು

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ಮೂರೂವರೆ ಎಕರೆ ಅಡಿಕೆ ತೋಟ. ಕೆಂಪಡಿಕೆ ಮಾಡುವವರು, ಹಾಗಾಗಿ ಅಡಿಕೆ ಬೇಯಿಸಲು, ಬಚ್ಚಲಿಗೆ ಎಲ್ಲಾ ಸೇರಿ ವರ್ಷಕ್ಕೆ ಎಂಟು ಲೋಡ್ ಸೌದೆ ಬೇಕು. ನಮ್ಮದೇ ಜಾಗದಲ್ಲಿ ಅಕೇಶಿಯಾ, ಸಿಲ್ವರ್ ಮರಗಳಿವೆ. ಅಲ್ಲಿಂದ ಮನೆಗೆ ಎರಡು ಕಿಲೋಮೀಟರ್, ಕೊನೆಯ ಅರ್ಧ ಕಿಲೋಮೀಟರ್ ಜೋರು ಇಳಿಜಾರು. 28 ಎಚ್‌ಪಿ ಮಿನಿ ಟ್ರ್ಯಾಕ್ಟರ್ ಇದೆ, ಟ್ರೈಲರ್ ಇಲ್ಲ. ಈಗ ಬಾಡಿಗೆ ಟ್ರ್ಯಾಕ್ಟರ್‌ನಲ್ಲಿ ತರಿಸುತ್ತೇವೆ, ಲೋಡಿಗೆ 2,000 ರೂಪಾಯಿ. ಪೇಟೆಯ ವೆಲ್ಡಿಂಗ್ ಶಾಪಿನವರು 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಎರಡು ಚಕ್ರದ, ಡಬ್ಬವನ್ನು ಹೈಡ್ರಾಲಿಕ್ ಜಾಕ್ ಎತ್ತಿ ಸುರಿಯುವ ಜಾಕ್ ಟ್ರೈಲರ್‌ಗೆ 2.40 ಲಕ್ಷ ಹೇಳಿದ್ದಾರೆ. ಮಗ ತಗೊಳ್ಳೋಣ ಅಂತಾನೆ. ಕೆಲಸದವರು ಸಿಗುವುದಿಲ್ಲ, ಜಾಕ್ ಇದ್ದರೆ ಇಳಿಸುವ ತಾಪತ್ರಯ ಇರುವುದಿಲ್ಲ ಎಂಬುದು ಅವನ ಮಾತು. ಏನು ಮಾಡಲಿ?

ಉತ್ತರ: ಸೌದೆಗೆ ಮಾತ್ರ ಅಂದರೆ ಬೇಡ. ಮಣ್ಣು, ಗೊಬ್ಬರಕ್ಕೂ ಬೇಕು ಅಂದರೆ ತಗೊಳ್ಳಿ, ಆದರೆ ಈ ಅಳತೆಯದ್ದು ಬೇಡ.

ಮಗ ಹೇಳಿದ ಮಾತಿನಿಂದಲೇ ಶುರು ಮಾಡೋಣ. ಸೌದೆ ಕೆಲಸ ಅಂದರೆ ಏನೇನು? ಮರ ಕಡಿಯಬೇಕು, ತುಂಡು ಮಾಡಬೇಕು, ಸೀಳಬೇಕು, ಗಾಡಿ ಬರುವ ಜಾಗದವರೆಗೆ ಹೊರಬೇಕು, ತುಂಬಬೇಕು, ತರಬೇಕು, ಇಳಿಸಬೇಕು, ಕೊಟ್ಟಿಗೆಯಲ್ಲಿ ಒಟ್ಟಬೇಕು. ಇಷ್ಟರಲ್ಲಿ ಜಾಕ್ ಮಾಡಿಕೊಡುವುದು ಒಂದೇ ಕೆಲಸ, ಇಳಿಸುವುದು. ಅದೋ ಎಲ್ಲಕ್ಕಿಂತ ಸುಲಭದ್ದು. ಇಬ್ಬರು ನಿಂತರೆ ಒಂದು ಲೋಡ್ ಇಳಿಸಲು ಅರ್ಧ ಗಂಟೆ ಸಾಕು. ತುಂಬಲು ಅದರ ಎರಡು ಮೂರು ಪಟ್ಟು ಬೇಕು, ಅದಕ್ಕೆ ಜಾಕ್ ಏನೂ ಮಾಡುವುದಿಲ್ಲ.

ಇನ್ನೊಂದು ವಿಷಯ. ಕೈಯಲ್ಲಿ ಇಳಿಸುವಾಗ ಒಬ್ಬ ಮೇಲಿಂದ ಕೊಡುತ್ತಾನೆ, ಇನ್ನೊಬ್ಬ ಅಲ್ಲೇ ಒಟ್ಟುತ್ತಾ ಹೋಗುತ್ತಾನೆ. ಇಳಿಸಿದ್ದೂ ಆಯಿತು, ಒಟ್ಟಿದ್ದೂ ಆಯಿತು. ಜಾಕ್ ಎತ್ತಿ ಸುರಿದರೆ ಅಂಗಳದಲ್ಲಿ ರಾಶಿ ಬೀಳುತ್ತದೆ. ಮತ್ತೆ ಬಗ್ಗಿ ಒಂದೊಂದೇ ಹೋಳು ಎತ್ತಿ ಒಟ್ಟಬೇಕು. ಸೊಂಟದ ಎತ್ತರದಲ್ಲಿದ್ದ ಸೌದೆಯನ್ನು ನೆಲಕ್ಕೆ ಹಾಕಿ ಮತ್ತೆ ಎತ್ತುವುದರಲ್ಲಿ ಲಾಭ ಯಾರಿಗೆ? ಒಟ್ಟುವುದು ಬಿಟ್ಟು ರಾಶಿಯಲ್ಲೇ ಇಟ್ಟರೆ ಮಳೆಗಾಲದ ಹೊತ್ತಿಗೆ ಅಡಿಯದು ಬೂಸ್ಟು ಹಿಡಿಯುತ್ತದೆ, ಗೆದ್ದಲು ಬರುತ್ತದೆ.

ಮತ್ತೆ ಎಲ್ಲಿ ಸುರಿಯುತ್ತೀರಿ? ನಿಮ್ಮ ಅಂಗಳದಲ್ಲಿ ಚಪ್ಪರ ಇದ್ದೇ ಇರುತ್ತದೆ ಅಂದುಕೊಂಡಿದ್ದೇನೆ. ಹತ್ತಡಿಯ ಡಬ್ಬ ಪೂರ್ತಿ ಎದ್ದಾಗ ಅದರ ಮುಂಭಾಗ ಆಳೆತ್ತರ ದಾಟಿ ಮೇಲೆ ಹೋಗುತ್ತದೆ. ಚಪ್ಪರದ ದಬ್ಬೆಗೆ ತಾಗುತ್ತದೆ. ಸೌದೆ ಕೊಟ್ಟಿಗೆಯ ಮಾಡು ಇನ್ನೂ ತಗ್ಗು. ಮನೆಗೆ ಬರುವ ಕರೆಂಟಿನ ತಂತಿ ಎಲ್ಲಿ ಹಾದಿದೆ ಅಂತ ಮೊದಲು ನೋಡಿ. ಹಾಗಾಗಿ ಕೊಟ್ಟಿಗೆಯಿಂದ ದೂರ ಬಯಲಿನಲ್ಲಿ ಸುರಿಯಬೇಕು, ಅಲ್ಲಿಂದ ಮತ್ತೆ ಹೊರಬೇಕು.

ಸೀಳಿದ ಗಿಡ್ಡ ಹೋಳು ಆದರೆ ಜಾರಿ ಬೀಳುತ್ತದೆ. ಉದ್ದ ತುಂಡು, ಕವಲು ಕೊಂಬೆ ಇದ್ದರೆ ಹಿಂದಿನ ಬಾಗಿಲಲ್ಲಿ ಒಂದಕ್ಕೊಂದು ಸಿಕ್ಕಿಕೊಂಡು ನಿಂತುಬಿಡುತ್ತದೆ. ಆಗ ಎತ್ತಿದ ಡಬ್ಬದ ಹಿಂದೆ ನಿಂತು ಹಾರೆಯಲ್ಲಿ ಮೀಟುವವರು ಇದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಡಬ್ಬ ಇಳಿಸಿ, ಸಿಕ್ಕಿದ್ದನ್ನು ಬಿಡಿಸಿ, ಮತ್ತೆ ಎತ್ತಿ.

ಈಗ ದುಡ್ಡಿನ ಲೆಕ್ಕ. ಎಂಟು ಲೋಡಿಗೆ ನೀವು ಕೊಡುವುದು ವರ್ಷಕ್ಕೆ 16,000. 2.40 ಲಕ್ಷಕ್ಕೆ ಶೇಕಡಾ 9ರ ಬಡ್ಡಿ ಹಿಡಿದರೂ 21,600. ಬಡ್ಡಿಯೇ ಬಾಡಿಗೆಗಿಂತ ಜಾಸ್ತಿ ಆಯಿತು, ಅಲ್ವಾ? ಸೊಸೈಟಿಯಲ್ಲಿ ಶೇಕಡಾ 3ರ ಮಧ್ಯಮಾವಧಿ ಸಾಲ ಸಿಕ್ಕರೆ ಬಡ್ಡಿ 7,200ಕ್ಕೆ ಇಳಿಯುತ್ತದೆ, ಆಗ ಲೆಕ್ಕ ಸ್ವಲ್ಪ ಹತ್ತಿರ ಬರುತ್ತದೆ. ಆದರೆ ಬಾಡಿಗೆಯಲ್ಲಿ ಡೀಸೆಲ್, ಡ್ರೈವರ್ ಎರಡೂ ಸೇರಿವೆ. ನಿಮ್ಮದೇ ಆದರೆ ಡೀಸೆಲ್ ನಿಮ್ಮದು, ಹೋಗುವ ದಿನವೂ ನಿಮ್ಮದು. ಟೈರ್, ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಬೇರೆ. ವರ್ಷದಲ್ಲಿ ಎಂಟು ಸಲ ಹೊರಗೆ ಬರುವ ಟ್ರೈಲರ್ ಉಳಿದ ದಿನ ಬಿಸಿಲು ಮಳೆಯಲ್ಲಿ ನಿಂತು ತುಕ್ಕು ಹಿಡಿಯುತ್ತದೆ. ಮಲೆನಾಡಿನ ಮಳೆಗೆ ಡಬ್ಬದ ತಳದ ಶೀಟ್ ಮೊದಲು ಹೋಗುತ್ತದೆ, ಅದರಲ್ಲೂ ಗೊಬ್ಬರ ತುಂಬಿ ತೊಳೆಯದೆ ಬಿಟ್ಟರೆ.

ನನಗೆ ಇದಕ್ಕಿಂತ ಹೆದರಿಕೆ ಆಗಿದ್ದು ನಿಮ್ಮ ಇಳಿಜಾರು ಓದಿ. 10-6-2 ಅಂದರೆ 120 ಘನ ಅಡಿ. ಒಣ ಸೌದೆಯನ್ನು ನೀಟಾಗಿ ಒಟ್ಟಿ ತುಂಬಿದರೆ ಒಂದೂವರೆ ಟನ್ ಆಸುಪಾಸು ಬರುತ್ತದೆ. ಹಸಿ ಅಕೇಶಿಯಾ ಆದರೆ ಎರಡು ಟನ್. ಅದೇ ಡಬ್ಬಕ್ಕೆ ಮಣ್ಣು ತುಂಬಿ, ಐದು ಟನ್! ಟ್ರೈಲರ್‌ನ ಸ್ವಂತ ತೂಕವೇ ಒಂದು ಟನ್ ಹತ್ತಿರ. ನಿಮ್ಮ ಮಿನಿ ಟ್ರ್ಯಾಕ್ಟರ್ ತೂಕ ಎಷ್ಟು? ಅದೂ ಒಂದು ಟನ್ ಚಿಲ್ಲರೆ. ನಮ್ಮಲ್ಲಿ ಮಾಡುವ ಟ್ರೈಲರ್‌ಗಳಿಗೆ ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ. ತನ್ನ ಎರಡು ಮೂರು ಪಟ್ಟು ತೂಕ ಹಿಂದಿನಿಂದ ನೂಕುತ್ತಿದ್ದರೆ ಟ್ರ್ಯಾಕ್ಟರ್‌ನ ಬ್ರೇಕ್ ಎಷ್ಟು ಅಂತ ತಡೆಯುತ್ತದೆ? ಚಕ್ರ ನಿಂತರೂ ಗಾಡಿ ಜಾರುತ್ತದೆ. ತಿರುವಿನಲ್ಲಿ ಟ್ರೈಲರ್ ಅಡ್ಡ ಬಂದು ಟ್ರ್ಯಾಕ್ಟರನ್ನೇ ಮಗುಚಿ ಹಾಕುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಎಂಥ ಟ್ರೈಲರ್ ಆದರೂ ಇಳಿಜಾರಿನಲ್ಲಿ ಇಷ್ಟು ಮಾಡಿ. ಎಡ ಬಲ ಬ್ರೇಕ್ ಪೆಡಲ್‌ಗಳನ್ನು ಲಾಕ್ ಹಾಕಿ ಜೋಡಿಸಿ. ಗದ್ದೆಯಲ್ಲಿ ಬಿಚ್ಚಿದ್ದನ್ನು ಹಾಗೇ ಬಿಟ್ಟು ರಸ್ತೆಗೆ ಬರುವವರೇ ಜಾಸ್ತಿ. ಇಳಿಜಾರು ಶುರುವಾಗುವ ಮೊದಲೇ ಲೋ ಗೇರ್‌ಗೆ ಬನ್ನಿ, ಮಧ್ಯದಲ್ಲಿ ಗೇರ್ ಬದಲಿಸಬೇಡಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ಚಟ ಮಗನಿಗೆ ಇದ್ದರೆ ಇವತ್ತೇ ಬಿಡಿಸಿ.

ಹಾಗಾದರೆ ಏನು ಕೊಳ್ಳಬಹುದು? ತೋಟಕ್ಕೆ ಮಣ್ಣು ಹಾಕಿಸುತ್ತೀರಾ? ಗೊಬ್ಬರ ಗುಂಡಿಯಿಂದ ತೋಟಕ್ಕೆ ದೂರ ಇದೆಯಾ? ಅಡಿಕೆ ಕೊಯ್ಲಿನ ಸಮಯದಲ್ಲಿ ಹಸಿ ಗೊನೆ ಮನೆಗೆ ತರಬೇಕಾ? ಈ ಮೂರರಲ್ಲಿ ಜಾಕ್‌ನಿಂದ ನಿಜವಾದ ಉಪಯೋಗ ಇದೆ. ಮಣ್ಣು, ಗೊಬ್ಬರವನ್ನು ಸಲಿಕೆಯಲ್ಲಿ ಎಳೆದು ಇಳಿಸುವುದು ಬೆನ್ನು ಮುರಿಯುವ ಕೆಲಸ, ಅಲ್ಲಿ ಒಟ್ಟುವ ಮಾತೂ ಇಲ್ಲ. ಇದೆಲ್ಲ ಇದ್ದರೆ 8 ಅಡಿ ಉದ್ದ, 5 ಅಡಿ ಅಗಲ, ಒಂದೂಮುಕ್ಕಾಲು ಅಡಿ ಎತ್ತರದ ಡಬ್ಬ ಮಾಡಿಸಿ. ಅದು 70 ಘನ ಅಡಿ. ಮಣ್ಣನ್ನು ಅರ್ಧಕ್ಕೆ ನಿಲ್ಲಿಸಿ. ಸೌದೆಗೆ ಬೇಕಾದಾಗ ಮೇಲೆ ಸಿಕ್ಕಿಸುವ ಹಾಗೆ ಬೇರೆ ಕಟಾಂಜನ ಮಾಡಿಸಿಕೊಳ್ಳಿ. ವೆಲ್ಡಿಂಗ್‌ನವರು "ದೊಡ್ಡದೇ ಇರಲಿ, ಮುಂದೆ ಬೇಕಾಗುತ್ತೆ" ಅನ್ನುತ್ತಾರೆ. ಅವರು ಮಾರುವುದು ಕಬ್ಬಿಣ, ಕಿಲೋ ಲೆಕ್ಕದಲ್ಲಿ.

ಆರ್ಡರ್ ಕೊಡುವ ಮೊದಲು ಟ್ರ್ಯಾಕ್ಟರ್ ಹಿಂದೆ ಹೋಗಿ ನೋಡಿ. ಜಾಕ್‌ಗೆ ಎಣ್ಣೆ ಪೈಪ್ ಸಿಕ್ಕಿಸಲು ಹೈಡ್ರಾಲಿಕ್ ಟ್ಯಾಪಿಂಗ್ ಇರಬೇಕು. ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಬಹಳ ಟ್ರ್ಯಾಕ್ಟರ್‌ಗಳಲ್ಲಿ ಗೇರ್‌ಬಾಕ್ಸ್‌ಗೂ ಹೈಡ್ರಾಲಿಕ್‌ಗೂ ಒಂದೇ ಎಣ್ಣೆ. ಜಾಕ್ ಎದ್ದಾಗ ಹಲವು ಲೀಟರ್ ಹೊರಗೆ ಹೋಗುತ್ತದೆ. ಮಿನಿ ಟ್ರ್ಯಾಕ್ಟರ್‌ನಲ್ಲಿ ಎಣ್ಣೆಯೇ ಕಮ್ಮಿ. ಮಟ್ಟ ಇಳಿದರೆ ಪಂಪ್ ಗಾಳಿ ಎಳೆಯುತ್ತದೆ, ಕಿರ್ ಎಂದು ಸದ್ದು ಬರುತ್ತದೆ, ಜಾಕ್ ಅರ್ಧಕ್ಕೆ ನಿಲ್ಲುತ್ತದೆ. ಟ್ರೈಲರ್ ಮಾಡುವವರ ಹತ್ತಿರ "ಈ ಜಾಕ್ ಎಷ್ಟು ಲೀಟರ್ ಕುಡಿಯುತ್ತದೆ" ಅಂತ ಕೇಳಿ. ಆ ಲೆಕ್ಕ ಹಿಡಿದು ನಿಮ್ಮ ಟ್ರ್ಯಾಕ್ಟರ್ ಡೀಲರ್ ಹತ್ತಿರ ಹೋಗಿ. ಪಕ್ಕದ ಮನೆಯವರ ಜಾಕ್ ಟ್ರೈಲರ್ ಸುಮ್ನೆ ಒಂದು ದಿನಕ್ಕೆ ಅಂತ ತಂದು ಸಿಕ್ಕಿಸಿದರೂ ಅದರೊಳಗಿನ ಎಣ್ಣೆ ನಿಮ್ಮ ಗೇರ್‌ಬಾಕ್ಸಿಗೆ ಬರುತ್ತದೆ, ನೆನಪಿರಲಿ.

ಮಣ್ಣು ಗೊಬ್ಬರದ ಕೆಲಸ ಅಷ್ಟಿಲ್ಲ ಅಂದರೆ ಜಾಕ್ ಇಲ್ಲದ ಸಾದಾ ಟ್ರೈಲರ್ ಸಾಕು. ಮೂರೂ ಕಡೆ ಬಾಗಿಲು ಬೀಳುವಂಥದ್ದು ಮಾಡಿಸಿ. ಜಾಕ್ ಟ್ರೈಲರ್‌ಗೆ ಕೆಳಗೊಂದು ಫ್ರೇಮ್, ಮೇಲೊಂದು ಫ್ರೇಮ್ ಇರುವುದರಿಂದ ಡಬ್ಬ ಎತ್ತರವಾಗುತ್ತದೆ. ಸಾದಾ ಟ್ರೈಲರ್ ತಗ್ಗು. ತುಂಬುವವನಿಗೆ ಆ ಮುಕ್ಕಾಲು ಅಡಿ ದೊಡ್ಡ ವಿಷಯ. ನಿಮ್ಮ ಜಾಗದಲ್ಲಿ ಧರೆ (ಕಡಿದಾದ ಮಣ್ಣಿನ ದಿಬ್ಬ) ಇದ್ದರೆ ಅದರ ಕೆಳಗೆ ಟ್ರೈಲರ್ ನಿಲ್ಲಿಸಿ, ಮೇಲಿಂದಲೇ ಸೌದೆ ಹಾಕಿ. ಎತ್ತುವ ಕೆಲಸವೇ ಇಲ್ಲ.

ಸೌದೆ ಬಗ್ಗೆಯೇ ಎರಡು ಮಾತು. ಹಸಿ ಮರದಲ್ಲಿ ಹೆಚ್ಚುಕಮ್ಮಿ ಅರ್ಧ ತೂಕ ನೀರಿನದು. ಜನವರಿಯಲ್ಲಿ ಕಡಿದು, ಅಲ್ಲೇ ಸೀಳಿ, ಅಲ್ಲೇ ಬಿಸಿಲಿಗೆ ಒಟ್ಟಿ ಬಿಡಿ. ಏಪ್ರಿಲ್ ಕೊನೆಗೆ ತನ್ನಿ. ಲೋಡ್ ಎಂಟು ಇದ್ದದ್ದು ಏಳು ಆಗುವುದಿಲ್ಲ, ಯಾಕೆಂದರೆ ಜಾಗ ಅಷ್ಟೇ ಬೇಕು. ಆದರೆ ಪ್ರತಿ ಲೋಡಿಗೆ ಐದಾರು ಕ್ವಿಂಟಲ್ ತೂಕ ಇಳಿಯುತ್ತದೆ. ನಿಮ್ಮ ಇಳಿಜಾರಿಗೆ ಅದು ಬ್ರೇಕ್ ಇದ್ದ ಹಾಗೆ. ಒಣ ಸೌದೆಗೆ ಹಂಡೆಯೂ ಬೇಗ ಕುದಿಯುತ್ತದೆ.

ಲೋಡ್ ಕಡಿಮೆ ಆಗಬೇಕಾದರೆ ಒಲೆ ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಗ್ರಾಮೀಣ ತಂತ್ರಜ್ಞಾನದ ಆಸ್ತ್ರ ಕೇಂದ್ರದವರು ಮಾಡಿದ ಕಮ್ಮಿ ಸೌದೆಯ ಒಲೆ ಮಲೆನಾಡಿನ ಎಷ್ಟೋ ಅಡುಗೆಮನೆಗೆ ಬಂತು. ಅಡಿಕೆ ಬೇಯಿಸುವ ಒಲೆ ಮಾತ್ರ ಬಹಳ ಮನೆಗಳಲ್ಲಿ ಇನ್ನೂ ಬಾಯಿ ತೆರೆದುಕೊಂಡೇ ಇದೆ, ಅರ್ಧ ಉರಿ ಹಂಡೆಯ ಹೊರಗೆ. ಹಂಡೆಯ ಸುತ್ತ ಗೋಡೆ ಮುಚ್ಚಿ, ಅಡಿಗೆ ಕಬ್ಬಿಣದ ಜಾಲರಿ ಹಾಕಿ, ಹೊಗೆಗೆ ಕೊಳವೆ ಕೊಟ್ಟು ಒಲೆ ಕಟ್ಟಿಸಿ. ಅದು ಬಲ್ಲ ಮೇಸ್ತ್ರಿಗಳು ನಿಮ್ಮ ಸುತ್ತಲೇ ಸಿಗುತ್ತಾರೆ. ಟ್ರೈಲರ್ ದುಡ್ಡಿನ ಮುಂದೆ ಆ ಖರ್ಚು ಏನೂ ಅಲ್ಲ ಮಾರಾಯ್ರೆ.

ಮರ ನಿಮ್ಮ ಜಾಗದ್ದೇ ಆದರೂ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಕಡಿಯಲು ಅರಣ್ಯ ಇಲಾಖೆ ಒಪ್ಪಿಗೆ ಬೇಕು. ಸಿಲ್ವರ್, ನೀಲಗಿರಿ, ಗಾಳಿ ಮರದಂಥ ಕೆಲವಕ್ಕೆ ವಿನಾಯಿತಿ ಇದೆ. ಅಕೇಶಿಯಾಕ್ಕೆ ಕೊಡಲಿ ಹಾಕುವ ಮೊದಲು ರೇಂಜ್ ಆಫೀಸಿಗೆ ಒಮ್ಮೆ ಹೋಗಿ ಬನ್ನಿ. ತುಂಬಿದ ಟ್ರೈಲರ್ ರಸ್ತೆಯಲ್ಲಿ ನಿಲ್ಲಿಸಿದ ಮೇಲೆ ಕಾಗದ ಹುಡುಕುವುದು ಕಷ್ಟ.

ಪ್ರಶ್ನೆ: ನನ್ನ ಹತ್ತಿರ ಕಾರಿನ ಲೈಸೆನ್ಸ್ ಇದೆ. ಟ್ರ್ಯಾಕ್ಟರ್‌ಗೆ ಟ್ರೈಲರ್ ಕಟ್ಟಿ ಸೌದೆ ತರಲು ಬೇರೆ ಲೈಸೆನ್ಸ್ ಬೇಕಾ? (ಸಾಗರದ ಓದುಗರು)

ಉತ್ತರ: ಖಾಲಿ ತೂಕ 7,500 ಕಿಲೋ ಮೀರದ ಟ್ರ್ಯಾಕ್ಟರ್ ಎಲ್‌ಎಂವಿ (ಕಾರಿನಂಥ ಲಘು ಮೋಟಾರು ವಾಹನ) ಲೆಕ್ಕಕ್ಕೇ ಬರುತ್ತದೆ. ಟ್ರೈಲರ್ ಕಟ್ಟಿದ ಮಾತ್ರಕ್ಕೆ ಟ್ರ್ಯಾಕ್ಟರ್ ಲೈಸೆನ್ಸ್ ಇದ್ದವನು ಲೈಸೆನ್ಸ್ ಇಲ್ಲದವನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. 7,500 ಕಿಲೋ ಒಳಗಿನ ಸಾರಿಗೆ ವಾಹನಕ್ಕೆ ಎಲ್‌ಎಂವಿ ಲೈಸೆನ್ಸ್ ಸಾಕು ಎಂದು 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠವೂ ಹೇಳಿತು. ಲೈಸೆನ್ಸ್ ಚಿಂತೆ ಬಿಡಿ, ಇನ್ಶೂರೆನ್ಸ್ ಚಿಂತೆ ಮಾಡಿ. ಟ್ರೈಲರ್‌ಗೆ ಬೇರೆಯೇ ರಿಜಿಸ್ಟ್ರೇಷನ್ ಇರುತ್ತದೆ, ಪಾಲಿಸಿಯಲ್ಲಿ ಅದರ ನಂಬರ್ ಕೂಡ ಬಂದಿರಬೇಕು. ಕೃಷಿ ಬಳಕೆಯ ಪಾಲಿಸಿ ಇಟ್ಟುಕೊಂಡು ಪಕ್ಕದವರ ಸೌದೆಯನ್ನು ಬಾಡಿಗೆಗೆ ತಂದರೆ, ಏನಾದರೂ ಆದ ದಿನ ಕಂಪನಿಯವರು ಮೊದಲು ಕೇಳುವುದು ಅದನ್ನೇ. ಸೌದೆ ಮೇಲೆ, ಮಡ್‌ಗಾರ್ಡ್ ಮೇಲೆ ಆಳು ಕೂರಿಸಬೇಡಿ.

ಪ್ರಶ್ನೆ: ಹಳೆಯ ಜಾಕ್ ಟ್ರೈಲರ್ ಕಡಿಮೆ ರೇಟಿಗೆ ಬಂದಿದೆ. ಏನು ನೋಡಬೇಕು? (ಕೊಪ್ಪದ ಓದುಗರು)

ಉತ್ತರ: ಹೊಸ ಪೇಂಟ್ ಹೊಡೆದಿದ್ದರೆ ಅನುಮಾನದಿಂದಲೇ ನೋಡಿ. ಮೂತಿಯಲ್ಲಿ, ಟ್ರ್ಯಾಕ್ಟರ್‌ಗೆ ಸಿಕ್ಕಿಸುವ ಕೊಂಡಿಯ ಹಿಂದೆ, ವೆಲ್ಡಿಂಗ್ ಬಿರುಕು ಬಿಟ್ಟಿದೆಯಾ ನೋಡಿ. ಬಿರುಕು ಮುಚ್ಚಿ ಮೇಲೆ ಪಟ್ಟಿ ಕೂರಿಸಿದ್ದರೂ ಗೊತ್ತಾಗುತ್ತದೆ. ಡಬ್ಬದ ಹಿಂದಿನ ಪಿನ್‌ಗಳನ್ನು ಹಾರೆಯಿಂದ ಮೀಟಿ, ಸಡಿಲ ಎಷ್ಟಿದೆ ನೋಡಿ.

ಆಮೇಲೆ ಸ್ವಲ್ಪ ಭಾರ ಹಾಕಿ, ಸಮತಟ್ಟು ಜಾಗದಲ್ಲಿ ಅರ್ಧ ಎತ್ತಿ ನಿಲ್ಲಿಸಿ. ಒಂದು ಚಹಾ ಕುಡಿದು ಬನ್ನಿ. ಡಬ್ಬ ಇಳಿದಿದೆಯಾ? ಜಾಕ್‌ನ ಮೈಮೇಲೆ ಎಣ್ಣೆ ಜಿನುಗಿದ್ದರೆ ಜಾಕ್‌ನ ಸೀಲ್ ಹೋಗಿದೆ, ರಾಡ್ ಮೇಲೆ ಗೀರು ಇದೆಯಾ ನೋಡಿ. ಹೊರಗೆ ಎಣ್ಣೆ ಇಲ್ಲ, ಆದರೂ ಇಳಿದಿದೆ ಅಂದರೆ ಟ್ರೈಲರ್ ತಪ್ಪಲ್ಲ, ಎತ್ತಿದ ಟ್ರ್ಯಾಕ್ಟರ್‌ನ ವಾಲ್ವ್ ಸರಿ ಇಲ್ಲ. ಈ ಪರೀಕ್ಷೆ ಮಾಡುವಾಗ ಕೆಳಗೆ ತಲೆ ಹಾಕಿ ನೋಡುವ ಆಸೆ ಬೇಡ. ನೋಡಲೇಬೇಕಾದರೆ ಭಾರ ತೆಗೆದು, ಡಬ್ಬಕ್ಕೆ ಗಟ್ಟಿ ಊರುಗೋಲು ಕೊಟ್ಟ ಮೇಲೆ.

ಕೊನೆಗೆ ಆರ್‌ಸಿ. ಚಾಸಿಗೆ ಹೊಡೆದ ನಂಬರ್ ಮತ್ತು ಆರ್‌ಸಿಯ ನಂಬರ್ ಒಂದೇನಾ ಅಂತ ಮಣ್ಣು ಕೆರೆದು ಓದಿ. "ಕಾಗದ ಮನೇಲಿದೆ, ಆಮೇಲೆ ಕೊಡ್ತೀನಿ" ಅಂದರೆ ಅಡ್ವಾನ್ಸ್ ಕೂಡ ಆಮೇಲೆ ಕೊಡಿ.