ಬಟ್ಟೆಚೀಲದಲ್ಲಿ ಬಂದ ಐದು ಡಬ್ಬಿ

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಉಡುಪಿಯ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಅವರನ್ನು ಕರೆತಂದದ್ದು ಅವರ ಹೆಂಡತಿ. ಗಂಡನಿಗೆ 61 ವರ್ಷ, ಮಲ್ಪೆ ಕಡೆಯವರು. "ರಾತ್ರಿ ಎದ್ದೆದ್ದು ಬಲಗೈ ಆಡಿಸಿ ನೋಡ್ತಾರೆ ಮೇಡಂ, ನಿದ್ದೆಯೇ ಇಲ್ಲ" ಎಂದರು. ಎಂಟು ತಿಂಗಳ ಹಿಂದೆ ಗಂಡನ ಅಣ್ಣನಿಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಗಿತ್ತು.

ಮಾತಿನ ಮಧ್ಯೆ ಬಟ್ಟೆಚೀಲದಿಂದ ಐದು ಡಬ್ಬಿ ಮೇಜಿಗೆ ಬಂದವು. ಮಗ ದುಬೈಯಿಂದ ಕಳಿಸಿದ್ದು. ಒಂದರಲ್ಲಿ ಮೀನೆಣ್ಣೆ. ಮಲ್ಪೆಯವರಿಗೆ ದುಬೈಯಿಂದ ಮೀನೆಣ್ಣೆ! ವಿಟಮಿನ್ ಇ ಎರಡು ಡಬ್ಬಿಯಲ್ಲಿತ್ತು, ಬೆಳಿಗ್ಗೆ 400 ಯೂನಿಟ್, ರಾತ್ರಿ 400.

"ಎಂತ ಮಾರಾಯ್ರೆ, ಡಾಕ್ಟರು ಬರೆದದ್ದಾ?"

"ವಿಟಮಿನ್ ಅಲ್ವಾ, ಜಾಸ್ತಿ ಆದ್ರೆ ಎಂತ ಆಗ್ತದೆ?"

ಕೆದಕಿದಾಗ ಇನ್ನೆರಡು ಸಂಗತಿ ಹೊರಬಿತ್ತು. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ. ಹೃದಯದ ಡಾಕ್ಟರು ಕೊಟ್ಟ ಆಸ್ಪಿರಿನ್ ನಡೀತಾ ಇದೆ, ಬಿಪಿ ಮಾತ್ರೆ ಮಾತ್ರ ಎರಡು ತಿಂಗಳಿಂದ ಬಂದ್. "ಇಷ್ಟೆಲ್ಲ ತಗೊಳ್ತೇನಲ್ಲ" ಎಂಬ ಧೈರ್ಯ. ನನಗೆ ಹೆದರಿಕೆ ಆದದ್ದು ಆಗಲೇ.

ಸ್ಟ್ರೋಕ್ ಎರಡು ಬಗೆ. ರಕ್ತ ಹೆಪ್ಪುಗಟ್ಟಿ ನಾಳ ಕಟ್ಟುವುದು ಒಂದು, ನಾಳ ಒಡೆದು ಮಿದುಳಲ್ಲಿ ರಕ್ತ ಸುರಿಯುವುದು ಇನ್ನೊಂದು. ವಿಟಮಿನ್ ಇ ಜಾಸ್ತಿಯಾದರೆ ರಕ್ತ ಹೆಪ್ಪುಗಟ್ಟುವುದು ಕಡಿಮೆಯಾಗುತ್ತದೆ. ಆಸ್ಪಿರಿನ್ ಜೊತೆಗಿದ್ದರೆ ಇನ್ನೂ ಕಡಿಮೆ. 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂಬತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಪ್ರಕಟಿಸಿತು. ವಿಟಮಿನ್ ಇ ತಗೊಂಡವರಲ್ಲಿ ಹೆಪ್ಪಿನ ಸ್ಟ್ರೋಕ್ ಶೇ. 10 ಕಡಿಮೆ, ರಕ್ತಸ್ರಾವದ್ದು ಶೇ. 22 ಜಾಸ್ತಿ. ಲೆಕ್ಕಕ್ಕೆ ಸುಮಾರು 1250 ಜನರಲ್ಲಿ ಒಬ್ಬರಿಗೆ ಹೆಚ್ಚುವರಿ ರಕ್ತಸ್ರಾವ. ಸಣ್ಣ ಅಪಾಯವೇ. ಆದರೆ ನಾಳ ಒಡೆಯಲು ದಾರಿಮಾಡುವ ಬಿಪಿಗೆ ಇವರಲ್ಲಿ ಕಡಿವಾಣವೇ ಇರಲಿಲ್ಲ.

ನಾನು ಡಾಕ್ಟರಲ್ಲ. ಹಾಗಾಗಿ ಹೇಳಿದ್ದು ಇಷ್ಟು: ಚೀಲ ಸಮೇತ ಇವತ್ತೇ ನಿಮ್ಮ ಡಾಕ್ಟರ ಹತ್ತಿರ ಹೋಗಿ. ವಸಡಿನ ರಕ್ತದ ವಿಷಯ ಹೇಳಿ. ಆಸ್ಪಿರಿನ್ ನೀವಾಗಿ ಬಿಡಬೇಡಿ. ಬಾಯಿ ಸೊಟ್ಟಗಾದರೆ, ಕೈ ಮೇಲೆತ್ತಲಾಗದಿದ್ದರೆ, ಮಾತು ತೊದಲಿದರೆ ಗಳಿಗೆಯೂ ಕಾಯದೆ 108. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯಷ್ಟೇ ಸಮಯ. ಕೈ ಪರೀಕ್ಷೆ ಬೆಳಿಗ್ಗೆ ಒಂದೇ ಸಲ, ಹೆಂಡತಿಯ ಎದುರು. ಗಂಜಿಯ ಜೊತೆ ಉಪ್ಪಿನಕಾಯಿ ಬೆರಳ ತುದಿಯಷ್ಟು.

ಮೂರು ವಾರ ಬಿಟ್ಟು ಬಂದರು. ಡಾಕ್ಟರು ಐದೂ ಡಬ್ಬಿ ನಿಲ್ಲಿಸಿ ಬಿಪಿ ಮಾತ್ರೆ ಮತ್ತೆ ಶುರುಮಾಡಿದ್ದರು. ರಾತ್ರಿ ಒಮ್ಮೆ ಎಚ್ಚರ ಆಗುವುದು ಈಗಲೂ ಇದೆಯಂತೆ. ಅವರ ಚಿಂತೆ ಬೇರೆಯೇ ಆಗಿತ್ತು: "ಮಗ ಇನ್ನೊಂದು ಪೆಟ್ಟಿಗೆ ಕಳಿಸ್ತಾನಂತೆ, ಬೇಡ ಅಂತ ಹೇಗೆ ಹೇಳೋದು?"

"ಅದರ ಬದಲು ಬಿಪಿ ನೋಡುವ ಮೆಷಿನ್ ಕಳಿಸಲಿಕ್ಕೆ ಹೇಳಿ" ಎಂದೆ.