ಆನ್‌ಲೈನ್ ಪೋಸ್ಟ್ ಅಥವಾ ಕಾಮೆಂಟಿನಲ್ಲಿ ಒಬ್ಬರ ಹೆಸರು ಬರೆದರೂ ಅವರಿಗೆ ನೋಟಿಫಿಕೇಶನ್ ಯಾಕೆ ಹೋಗುವುದಿಲ್ಲ?

ಸುಮ್ನೆ ಹೆಸರು ಬರೆದರೆ ಸಾಫ್ಟ್‌ವೇರ್‌ಗೆ ಅದೂ ಬೇರೆ ಪದಗಳಂತೆಯೇ. ಹೆಸರಿನ ಮೊದಲು @ ಹಾಕಬೇಕು. 1971ರಲ್ಲಿ ಪ್ರೋಗ್ರಾಮರ್ ರೇ ಟಾಮ್ಲಿನ್‌ಸನ್ ಇಮೇಲ್ ವಿಳಾಸಕ್ಕೆ ಬಳಸಿದ ಗುರುತೇ ಇದು. @ ಆದಮೇಲೆ ಜಾಗ ಬಿಡಬೇಡಿ. ಸಾಮಾನ್ಯವಾಗಿ ಬರೆಯಬೇಕಾದ್ದು ಯೂಸರ್‌ನೇಮ್, ಪ್ರೊಫೈಲ್‌ನಲ್ಲಿ ದೊಡ್ಡದಾಗಿ ಕಾಣುವ ಹೆಸರಲ್ಲ. ತಪ್ಪು ಜಾಸ್ತಿ ಆಗುವುದು ಇಲ್ಲೇ. @ ಒತ್ತಿ ಒಂದೆರಡು ಅಕ್ಷರ ಬರೆದರೆ ಹಲವು ಕಡೆ ಹೆಸರುಗಳ ಪಟ್ಟಿ ಬರುತ್ತದೆ, ಅದರಿಂದಲೇ ಆರಿಸಿಕೊಳ್ಳಿ.

ನಿಯಮ ಎಲ್ಲ ಕಡೆ ಒಂದೇ ಅಲ್ಲ. ರೆಡಿಟ್ ಎಂಬ ಚರ್ಚಾತಾಣದಲ್ಲಿ @ ಬದಲು ಇಂಗ್ಲಿಷಿನ ಯು ಅಕ್ಷರ, ಓರೆಗೆರೆ, ಆಮೇಲೆ ಹೆಸರು. ಪ್ರೋಗ್ರಾಮಿಂಗ್ ಪ್ರಶ್ನೋತ್ತರದ ತಾಣ ಸ್ಟ್ಯಾಕ್ ಓವರ್‌ಫ್ಲೋದ ಕಾಮೆಂಟಿನಲ್ಲಿ ಒಮ್ಮೆಗೆ ಒಬ್ಬರನ್ನಷ್ಟೇ ಕರೆಯಬಹುದು, ಅದೂ ಆ ಪೋಸ್ಟಿನಲ್ಲಿ ಈಗಾಗಲೇ ಪಾಲ್ಗೊಂಡವರನ್ನು. ಈ ಮಿತಿ ನನಗಂತೂ ಇಷ್ಟ. ಸಂಬಂಧವಿಲ್ಲದವರನ್ನು ಪದೇ ಪದೇ ಕರೆದರೆ ಅವರಿಗೆ ಕಿರಿಕಿರಿ ಅಲ್ವಾ?